ಮೀನು ಮಾರುವ ಹೆಂಗಸರಿಂದ ಮಾಹಿತಿ ಪಡೆಯುವುದು ಹೇಗೆ?

ಪ್ರಶ್ನೆ: ನಾನು ಕಾರವಾರದ ಎಂ.ಎ. ವಿದ್ಯಾರ್ಥಿನಿ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಮೀನು ಮಾರುವ ಹೆಂಗಸರು ಮನೆ ಹೇಗೆ ನಡೆಸುತ್ತಾರೆ ಅನ್ನೋದು ನನ್ನ ಅಧ್ಯಯನದ ವಿಷಯ. ಪ್ರಶ್ನೆಪಟ್ಟಿ ಹಿಡಿದು ಮಾರ್ಕೆಟ್ಟಿಗೆ ಹೋದರೆ ‘ಹೌದು’, ‘ಇಲ್ಲ’, ‘ಹೇಗೋ ನಡೀತದೆ’ ಇಷ್ಟೇ ಉತ್ತರ. ಎಲ್ಲರನ್ನೂ ಕೂರಿಸಿ ಗುಂಪು ಚರ್ಚೆ ಮಾಡಲೇ?

ಉತ್ತರ: ಗುಂಪು ಚರ್ಚೆ ಮಾಡಿ, ಆದರೆ ಅದರಿಂದ ಶುರು ಮಾಡಬೇಡಿ. ನಿಮ್ಮ ವಿಷಯದಲ್ಲಿ ಸಾಲ ಇದೆ, ಅಡವಿಟ್ಟ ಬಂಗಾರ ಇದೆ. ಪಕ್ಕದಲ್ಲೇ ಬುಟ್ಟಿ ಇಟ್ಟು ಮಾರುವವಳ ಎದುರು ಇದನ್ನೆಲ್ಲ ಯಾರು ಹೇಳ್ತಾರೆ?

ಮೊದಲು ಕೆಲವು ಬೆಳಿಗ್ಗೆ ಬೈತಖೋಲ ಬಂದರಿಗೆ ಹೋಗಿ, ಸುಮ್ನೆ ನಿಂತು ಹರಾಜು ನೋಡಿ. ಯಾರು ನಗದು ಕೊಡ್ತಾರೆ, ಯಾರು ಕಡ ಹೇಳಿ ಒಯ್ಯುತ್ತಾರೆ, ಯಾರು ಇಬ್ಬರು ಸೇರಿ ಒಂದು ಬುಟ್ಟಿ ಹಂಚಿಕೊಳ್ಳುತ್ತಾರೆ ಅನ್ನೋದನ್ನು ಅದೇ ದಿನ ಬರೆದಿಡಿ. ಕೇಳಬೇಕಾದ ಪ್ರಶ್ನೆಗಳು ಅಲ್ಲೇ ಸಿಗುತ್ತವೆ.

ಆಮೇಲೆ ಒಬ್ಬೊಬ್ಬರ ಹತ್ತಿರ ಆಳವಾದ ಸಂದರ್ಶನ. ವ್ಯಾಪಾರದ ಹೊತ್ತಿನಲ್ಲಿ ಬೇಡ, ಅವರು ಹೇಳಿದ ಸಮಯಕ್ಕೆ ಮನೆಗೇ ಹೋಗಿ. ‘ನಿಷೇಧದಿಂದ ತೊಂದರೆ ಆಗ್ತದಾ?’ ಅಂದರೆ ‘ಹೌದು’ ಅಂತಾರೆ, ಮಾತು ಮುಗೀತು. ‘ಹೋದ ವರ್ಷ ಬೋಟು ನಿಂತ ಮೊದಲ ವಾರ ಏನು ಮಾಡಿದ್ರಿ?’ ಅಂತ ಕೇಳಿ ನೋಡಿ. ಒಣಮೀನಿನ ವ್ಯಾಪಾರ, ಸಂಘದ ಕಂತು, ಶಾಲೆ ಶುರುವಾಗುವ ಹೊತ್ತಿನ ಖರ್ಚು ಒಂದರ ಹಿಂದೊಂದು ಬರುತ್ತದೆ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಸುಮ್ಮನಿರಿ. ಅವಸರದಲ್ಲಿ ಮುಂದಿನ ಪ್ರಶ್ನೆಗೆ ಹಾರಬೇಡಿ. ಕೊಂಕಣಿಯಲ್ಲಿ ಮಾತು ಸಲೀಸು ಅನಿಸಿದರೆ ಕೊಂಕಣಿಯಲ್ಲೇ ಆಗಲಿ.

ಗುಂಪು ಚರ್ಚೆ ಕೊನೆಗೆ, ಆರರಿಂದ ಎಂಟು ಜನ ಸಾಕು. ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಎತ್ತಿ. ನೆಲದ ಮೇಲೆ 12 ತಿಂಗಳ ಚೌಕ ಬರೆದು, ಕೈಯಲ್ಲಿ ದುಡ್ಡು ಓಡಾಡುವ ತಿಂಗಳಿಗೆ ಜಾಸ್ತಿ ಕಲ್ಲು ಇಡಲು ಹೇಳಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆದರೆ ಕೈ ಖಾಲಿಯಾಗುವುದು ಆಗಲೇನಾ, ಮೇ ತಿಂಗಳಲ್ಲೇನಾ ಅಂತ ಅವರವರಲ್ಲೇ ವಾದ ಆಗಲಿ. ಆ ವಾದವೇ ನಿಮ್ಮ ಮಾಹಿತಿ.

ಎಷ್ಟು ಜನರನ್ನು ಮಾತಾಡಿಸಬೇಕು ಅನ್ನೋದಕ್ಕೆ ಮೊದಲೇ ಲೆಕ್ಕ ಕಟ್ಟಬೇಡಿ. ಹೊಸ ಸಂಗತಿ ಬರುವುದು ನಿಂತಾಗ ನಿಲ್ಲಿಸಿ. ಆದರೆ ಮಾರ್ಕೆಟ್ಟಿನಲ್ಲಿ ಕೂರುವವರ ಜೊತೆ ಮನೆಮನೆಗೆ ಹೊತ್ತು ಮಾರುವವರೂ ಇರಲಿ.

ರೆಕಾರ್ಡರ್ ಆನ್ ಮಾಡುವ ಮೊದಲು ಒಪ್ಪಿಗೆ ಕೇಳಲೇಬೇಕು. ಬೇಡ ಅಂದರೆ ಬೇಡ. ಬರೆಯುವಾಗ ಹೆಸರು ಬದಲಿಸಿದರಷ್ಟೇ ಸಾಲದು. ‘ಸದಾಶಿವಗಡದ ಕಡೆಯ ವಿಧವೆ, ಇಬ್ಬರು ಹೆಣ್ಣುಮಕ್ಕಳು’ ಅಂತ ಬರೆದರೆ ಯಾರೆಂದು ಊರಿಗೇ ಗೊತ್ತಾಗ್ತದೆ, ಅಲ್ವಾ? ಅಂಥ ವಿವರ ಬಿಡಿ, ಇಲ್ಲವೇ ಬದಲಿಸಿ.