ಆಯಿ ಹೇಳೋ ಪದ, ಗಣಿತದ ಪದ ಎರಡೂ ಒಂದೇನಾ?

ಪ್ರಶ್ನೆ: ನಾನು 10ನೇ ತರಗತಿ. ಗಣಿತದ ಸರ್ ‘10ನೇ ಪದ ಕಂಡುಹಿಡೀರಿ’ ಅಂತಾರೆ. ಕನ್ನಡ ಮೇಡಂ ‘ಪದ ಬಿಡಿಸಿ ಬರೀರಿ’ ಅಂತಾರೆ. ನಮ್ಮ ಆಯಿ ‘ಇವತ್ತ ಮಠದಾಗ ಪದ ಹಾಡ್ತಾರ, ನಡಿ’ ಅಂತಾಳೆ. ಕವಿರಾಜಮಾರ್ಗದಲ್ಲಿ ‘ಪದನರಿದು ನುಡಿಯಲುಂ’ ಅಂತ ಬೇರೆ ಇದೆ. ಎಲ್ಲಾ ಒಂದೇನಾ?
– ವಿದ್ಯಾರ್ಥಿನಿ, ಆಳಂದ

ಉತ್ತರ: ಮೊದಲ ಮೂರು ಒಂದೇ ಮನೆಯವು. ನಾಲ್ಕನೆಯದು ಬೇರೆ ಮನೆಯದು, ಹೆಸರು ಮಾತ್ರ ಒಂದೇ.

ಸಂಸ್ಕೃತದಲ್ಲಿ ಪದ ಅಂದ್ರೆ ಹೆಜ್ಜೆ, ಕಾಲು. ವಿಜ್ಞಾನದ ‘ಸಂಧಿಪದಿ’ಯಲ್ಲಿ, ಅಂದ್ರೆ ಕೀಲುಗಾಲಿನ ಪ್ರಾಣಿಗಳ ಹೆಸರಲ್ಲಿ, ಆ ಕಾಲು ಈಗಲೂ ಇದೆ: ಚೇಳು, ಏಡಿ, ಜಿರಲೆ. ಗಣಿತದಲ್ಲೂ ಹೆಜ್ಜೆ ಅಂತಲೇ ಇಟ್ಕೊಳ್ಳಿ. 3, 7, 11, 15 ಅಂತ ನಾಲ್ಕು ನಾಲ್ಕು ಕೂಡಿಸುತ್ತಾ ಹೋಗ್ತೀರಿ. ಮೊದಲ ಹೆಜ್ಜೆ 3 ಆಗಲೇ ಇಟ್ಟಾಗಿದೆ. ಹಾಗಾಗಿ ಹತ್ತನೆಯದಕ್ಕೆ ಒಂಬತ್ತು ಸಲ ಕೂಡಿಸಿದರೆ ಸಾಕು, 39. ಹತ್ತು ಸಲ ಕೂಡಿಸಿ 43 ಬರೆದು ಅಂಕ ಕಳಕೊಳ್ಳೋದು ಇಲ್ಲೇ.

ವ್ಯಾಕರಣದ್ದು ಸಣ್ಣ ವಿಷಯ. ‘ತೊಗರಿ’ ಬರೀ ನಾಮಪ್ರಕೃತಿ, ಅಂದ್ರೆ ಪ್ರತ್ಯಯ ಸೇರದ ಮೂಲ ರೂಪ. ‘ಅನ್ನು’ ಸೇರಿ ‘ತೊಗರಿಯನ್ನು’ ಆದಾಗ ಅದು ಪದ.

ಆಯಿಯ ಪದ ಮಾತ್ರ ಇಡೀ ಹಾಡು. ನಮ್ಮ ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರು ಕಟ್ಟಿದ್ದು ಇಂಥ ತತ್ವಪದಗಳನ್ನೇ. ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರೂ ಪದ ಕಟ್ಟಿದವರು. ಏಕತಾರಿ ಮೀಟುತ್ತಾ ಒಬ್ಬರು ಪಲ್ಲವಿ ಎತ್ತಿದರೆ, ದಮ್ಮಡಿ ಹಿಡಿದವರು ಅದನ್ನೇ ಮತ್ತೆ ಹೇಳುತ್ತಾರೆ. ಆ ಒಂದು ಪದದೊಳಗೆ ನಿಮ್ಮ ಮೇಡಂ ಬಿಡಿಸೋಕೆ ಹೇಳುವ ಪದ ನೂರಾರು ಇರುತ್ತವೆ! ಒಂದ್ಸಲ ಆಯಿ ಜೊತೆ ಹೋಗಿ ಬನ್ನಿ.

ಈಗ ನಾಲ್ಕನೆಯದು. ಕವಿರಾಜಮಾರ್ಗ ಹುಟ್ಟಿದ್ದು ಸುಮಾರು ಕ್ರಿ.ಶ. 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಅಂದ್ರೆ ಸೇಡಂ ತಾಲೂಕಿನ ಈಗಿನ ಮಳಖೇಡ. ಅಲ್ಲಿರೋ ‘ಪದನ್’ ಅಚ್ಚಗನ್ನಡದ ಮಾತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಅಲ್ವಾ, ಹಾಗೇ ಈ ಪದ ‘ಹದ’ ಆಯಿತು. ‘ಪದನರಿದು ನುಡಿ’ ಅಂದ್ರೆ ಹದ ತಿಳಿದು ಮಾತಾಡು ಅಂತ. ಸುಮ್ನೆ ಶಬ್ದ ತಿಳಿದು ಅಂತ ಅರ್ಥ ಮಾಡಿದರೆ ಸಾಲಿನ ರುಚಿಯೇ ಹೋಗುತ್ತದೆ.

ಈ ಹದ ನಿಮ್ಮ ಹೊಲದಲ್ಲೇ ಇದೆ. ಮಳೆ ಬಿದ್ದ ಮರುದಿನವೇ ಎರೆ ಹೊಲದಲ್ಲಿ ತೊಗರಿ ಬಿತ್ತೋದಿಲ್ಲ. ಹಿರಿಯರು ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿ ನೋಡುತ್ತಾರೆ. ಪುಡಿಯಾಗದೆ ಕೈಗೆ ಮೆತ್ತಿಕೊಂಡರೆ, ‘ಇನ್ನಾ ಹದ ಬಂದಿಲ್ಲ’ ಅಂತ ಕೂರಿಗೆ ಹೂಡದೆ ಮನೆಗೆ ಬರುತ್ತಾರೆ.