ಮಗುವನ್ನು ಕಟ್ಟಿಕೊಂಡು ಮತ್ತೆ ಕಾಲೇಜಿಗೆ: ಹಣ ಎಲ್ಲಿಂದ?

ಪ್ರಶ್ನೆ: ನನಗೆ 33 ವರ್ಷ, ಬಿ.ಎ. ಆಗಿದೆ. ಗಂಡ ಬಿಟ್ಟುಹೋಗಿ ಮೂರು ವರ್ಷ, ವಿಚ್ಛೇದನ ಆಗಿಲ್ಲ. ಏಳು ವರ್ಷದ ಮಗನೊಂದಿಗೆ ತವರಿನಲ್ಲಿದ್ದೇನೆ. ಹೊಲಿಗೆಯಿಂದ ತಿಂಗಳಿಗೆ ಐದು ಸಾವಿರದಷ್ಟು ಬರುತ್ತದೆ. ಮೈಸೂರಿನಲ್ಲಿ ಬಿ.ಇಡಿ. ಸೇರಬೇಕೆಂದಿದ್ದೇನೆ. ಎರಡು ವರ್ಷ ಸಂಸಾರ ತೂಗಿಸುವುದು ಹೇಗೆ?
ಹೆಸರು ಬೇಡ, ಮದ್ದೂರು

ಉತ್ತರ: ಒಂದೇ ಅರ್ಜಿಗೆ ಎಲ್ಲ ಖರ್ಚೂ ಸಿಗುವಂಥ ಯೋಜನೆ ಇಲ್ಲಮ್ಮ. ಮಗನ ಹೆಸರಿಗೆ ಬರುವುದು, ನಿಮ್ಮ ಹೆಸರಿಗೆ ಬರುವುದು, ಗಂಡ ಕೊಡಬೇಕಾದದ್ದು, ಈ ಮೂರನ್ನೂ ಜೋಡಿಸಿಕೊಳ್ಳಬೇಕು.

ದೊಡ್ಡ ಮೊತ್ತ ಮಗನದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಮಗು ಮನೆಯಲ್ಲೇ ಬೆಳೆಯಲು ಕೊಡುವ ನೆರವು) ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬದವರು ಕೈಬಿಟ್ಟವಳಾಗಿದ್ದರೆ ಅರ್ಜಿ ಹಾಕಬಹುದು, ಆದ್ದರಿಂದ ವಿಚ್ಛೇದನದ ಆದೇಶಕ್ಕೆ ಕಾಯಬೇಕಿಲ್ಲ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ಅರ್ಜಿ ಕೊಡಬೇಕಾದದ್ದು ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅವರು ಮನೆಗೆ ಬಂದು ವಿಚಾರಿಸಿ ವರದಿ ಬರೆಯುತ್ತಾರೆ, ಸಮಿತಿ ಮಂಜೂರು ಮಾಡುತ್ತದೆ. ತೊಡಕಾಗುವುದು ಆದಾಯದಲ್ಲಿ: ತಂದೆಯ ಪಡಿತರ ಚೀಟಿಯಲ್ಲಿ ನೀವಿದ್ದರೆ ಅವರ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುವ ಸಂಭವವಿದೆ. ಮಗ ಶಾಲೆ ತಪ್ಪಿಸಿದರೂ ಹಣಕ್ಕೆ ಕುತ್ತು.

ಆದ್ದರಿಂದ ಮೊದಲ ಕೆಲಸ ಪಡಿತರ ಚೀಟಿ. ಗಂಡನ ಮನೆಯ ಚೀಟಿಯಲ್ಲಿ ನಿಮ್ಮಿಬ್ಬರ ಹೆಸರು ಇನ್ನೂ ಉಳಿದಿದ್ದರೆ ಅದನ್ನು ತೆಗೆಸದೆ ಬೇರೆ ಚೀಟಿ ಆಗದು. ಗೃಹಲಕ್ಷ್ಮಿಯ 2,000 ಹೋಗುವುದು ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ, ಅಂದರೆ ಈಗ ನಿಮ್ಮ ಅತ್ತೆಗೋ ತಾಯಿಗೋ. ಪ್ರತ್ಯೇಕ ಚೀಟಿಯಲ್ಲಿ ನೀವೇ ಯಜಮಾನಿಯಾದರೆ ಆ ಅರ್ಜಿ ನಿಮ್ಮದು. ಒಂಟಿ ಮಹಿಳೆಯರ ಮಾಸಾಶನವಾದ ಮನಸ್ವಿನಿಯ 800 ರೂಪಾಯಿಗೆ 40 ತುಂಬಿರಬೇಕು, ಅದನ್ನು ಈಗ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ನಿಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಓದಲು ಬರುವ ಹೆಣ್ಣುಮಕ್ಕಳ ಅರ್ಜಿ ಇಲ್ಲಿ ಮೂರು ಕಡೆ ಮುಗ್ಗರಿಸುತ್ತದೆ. ಮೊದಲನೆಯದು ಹೆಸರು: ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಇದನ್ನು ಸರಿಮಾಡಿಸುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆ ಅಕ್ಷರ ಅಕ್ಷರ ನೋಡಿ ಬರೆಸಿ, ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಎರಡನೆಯದು ಜಾತಿ ಪ್ರಮಾಣಪತ್ರ. ಜಾತಿ ಹುಟ್ಟಿನಿಂದ ಬರುವಂಥದ್ದು, ಮದುವೆಯಿಂದ ಬದಲಾಗುವುದಿಲ್ಲ. ನಾಡಕಚೇರಿಯಲ್ಲಿ ತಂದೆಯ ದಾಖಲೆ ಇಟ್ಟೇ ಅರ್ಜಿ ಕೊಡಿ. ಮೂರನೆಯದು ಬ್ಯಾಂಕ್: ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಅದು ಗಂಡನ ಊರಿನ ಹಳೆಯ ಖಾತೆಯಾಗಿರಬಹುದು. ಈಗ ಬಳಸುವ ಬ್ಯಾಂಕಿಗೆ ಹೋಗಿ ಡಿಬಿಟಿಗಾಗಿ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರಲು) ಆಧಾರ್ ಜೋಡಿಸಿ ಎಂದು ಬರೆದುಕೊಡಿ. ಬರೀ ಕೆವೈಸಿ ಸಾಲದು.

ಇನ್ನು ಗಂಡ ಕೊಡಬೇಕಾದದ್ದು. ಅದನ್ನು ಕೇಳಲು ಸಂಕೋಚ ಬೇಡ, ಅದು ನಿಮ್ಮ ಮಗನ ಅನ್ನ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125) ಜೀವನಾಂಶ ಕೇಳಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಎದುರುದಾರನಿಗೆ ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಪದವೀಧರೆ, ದುಡಿಯಬಲ್ಲಳು ಎಂಬ ಒಂದೇ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸೀಟಿಗೆ ಅರ್ಜಿ ಹಾಕುವ ಮೊದಲೇ ಇದನ್ನು ಹಾಕಿಬಿಡಿ.

ಬಸ್ಸಿನ ಚಿಂತೆ ಬೇಡ, ಮೈಸೂರಿನ ವೇಗದೂತ ಬಸ್ಸಿನಲ್ಲಿ ಶಕ್ತಿ ಯೋಜನೆ ಉಂಟು. ಯೋಚಿಸಬೇಕಾದದ್ದು ಹೊಲಿಗೆಯ ಗಳಿಕೆ. ಬಿ.ಇಡಿ.ಗೆ ತರಗತಿಯಲ್ಲಿ 80, ಶಾಲಾ ಇಂಟರ್ನ್‌ಶಿಪ್‌ನಲ್ಲಿ 90 ಶೇಕಡಾ ಹಾಜರಾತಿ ಕಡ್ಡಾಯ. ಎರಡನೇ ವರ್ಷದಲ್ಲಿ ಇಂಟರ್ನ್‌ಶಿಪ್ ಕನಿಷ್ಠ 16 ವಾರ. ಬೆಳಿಗ್ಗೆಯಿಂದ ಸಂಜೆವರೆಗೆ ನೀವು ಶಾಲೆಯಲ್ಲಿರುವ ಆ ನಾಲ್ಕು ತಿಂಗಳು ಹೊಲಿಗೆಯಿಂದ ಏನೂ ಬರುವುದಿಲ್ಲ ಎಂದೇ ಎಣಿಸಿ. ವಿದ್ಯಾರ್ಥಿವೇತನ ತಡವಾಗಿ ಬರುವುದುಂಟು, ಮೊದಲ ಕಂತಿನ ಶುಲ್ಕಕ್ಕೆ ಅದನ್ನು ನಂಬಬೇಡಿ. ಆರು ತಿಂಗಳ ಖರ್ಚು ಕೈಯಲ್ಲಿ ಇಲ್ಲದಿದ್ದರೆ ಈ ವರ್ಷ ಕಾಗದಪತ್ರ ಮಾಡಿಸಿಕೊಂಡು ಮುಂದಿನ ವರ್ಷ ಸೇರುವುದೇ ಒಳ್ಳೆಯದು.

ಪ್ರಶ್ನೆ: ಪತ್ನಿ ತೀರಿಕೊಂಡಿದ್ದಾರೆ, ಐದು ವರ್ಷದ ಮಗಳಿದ್ದಾಳೆ. ಕೆಲಸ ಬಿಟ್ಟು ಮೈಸೂರಿನಲ್ಲೇ ಎಂ.ಟೆಕ್. ಮಾಡಬೇಕೆಂದಿದ್ದೇನೆ. ಗಂಡಸಿಗೆ ಏನಾದರೂ ನೆರವಿದೆಯೇ?
ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಗೃಹಲಕ್ಷ್ಮಿ, ವಿಧವಾ ವೇತನ ನಿಮಗೆ ಅನ್ವಯಿಸವು. ನಿಮ್ಮ ಬಲ ಇರುವುದು ಎಂ.ಟೆಕ್. ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯಲ್ಲಿ. ಪ್ರವೇಶದ ಹೊತ್ತಿಗೆ ಚಾಲ್ತಿಯಲ್ಲಿರುವ ಗೇಟ್ ಅರ್ಹತೆ (ಅಂಕ ಮೂರು ವರ್ಷ ಊರ್ಜಿತ) ಇದ್ದು, ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ಹೆಚ್ಚೆಂದರೆ 24 ತಿಂಗಳು ಸಿಗುತ್ತದೆ. ಆಗ ಬೇರೆ ಸಂಬಳ ಪಡೆಯುವಂತಿಲ್ಲ. ಗೇಟ್ ಬರೆಯದೆ ಸೇರಿ, ಆಮೇಲೆ ಬರೆದರೆ ಈ ಹಣವಿಲ್ಲ.

ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಮಾರ್ಜಿನ್ ಹಣವೂ (ನೀವು ಕೈಯಿಂದ ಹಾಕಬೇಕಾದ ಪಾಲು) ಅಡಮಾನವೂ ಬೇಡ, ಆದರೆ ಸಹಸಾಲಗಾರರು ಬೇಕು. ತಂದೆ, ತಾಯಿ ಅಥವಾ ಒಡಹುಟ್ಟಿದವರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲಾದರೂ ಬಡ್ಡಿ ಮೊದಲ ದಿನದಿಂದಲೇ ಏರುತ್ತಿರುತ್ತದೆ. ಸ್ಟೈಪೆಂಡ್ ಬಂದ ತಿಂಗಳಲ್ಲೆಲ್ಲ ಆ ಬಡ್ಡಿಯನ್ನಷ್ಟಾದರೂ ಕಟ್ಟುತ್ತಾ ಬನ್ನಿ.