ಖಾನಾವಳಿ ಊಟದಲ್ಲಿ ವೈರಸ್ ಇದೆಯಾ ಅಂತ ಕಾಗದದ ಪಟ್ಟಿಯಲ್ಲಿ ನೋಡಬಹುದಾ?

ನಮಸ್ಕಾರ. ವಿಜಯಪುರದಲ್ಲಿ ಖಾನಾವಳಿ ನಡೆಸುತ್ತೀರಿ. ಹೋದ ತಿಂಗಳು ಉಂಡು ಹೋದ ಕೆಲವರಿಗೆ ವಾಂತಿ-ಭೇದಿ ಆಯಿತು. ಕೋವಿಡ್ ಕಿಟ್‌ನಂಥ ಅಗ್ಗದ ಪಟ್ಟಿ ತಂದು ದಿನಾ ಊಟ ಚೆಕ್ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಬೆಳಗಾವಿಯಲ್ಲಿ ಲ್ಯಾಬ್ ಕೆಲಸ ಮಾಡುತ್ತೇನೆ. ಎಂ.ಎಸ್ಸಿ ಪ್ರಾಜೆಕ್ಟ್ ಇದೇ ಪಟ್ಟಿಗಳ ಮೇಲೆ ಮಾಡಿದ್ದೆ. ಪಟ್ಟಿ ಒಳ್ಳೆಯದೇ, ಆದರೆ ಅದನ್ನು ನಂಬಿ ಊಟ ಬಡಿಸಬೇಡಿ.

ಇಂಥ ವಾಂತಿ-ಭೇದಿಗೆ ಬಹಳ ಸಲ ನೋರೋವೈರಸ್ ಕಾರಣ. 1968ರಲ್ಲಿ ಅಮೆರಿಕದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳು ಕಾಯಿಲೆ ಬಿದ್ದರು, ಆ ಊರಿನಿಂದಲೇ ಈ ಹೆಸರು. ಪಟ್ಟಿಯ ಕೆಲಸ ಸರಳ. ಒಂದು ತುದಿಗೆ ಹನಿ ಹಾಕಿದರೆ ಕಾಗದ ತಾನೇ ಹೀರಿಕೊಂಡು ಮುಂದೆ ಒಯ್ಯುತ್ತದೆ. ದಾರಿಯಲ್ಲಿ ಚಿನ್ನದ ಅತಿ ಸಣ್ಣ ಕಣಗಳು ವೈರಸ್‌ಗೆ ಅಂಟುತ್ತವೆ. ಚಿನ್ನ ಅಷ್ಟು ಸಣ್ಣದಾದಾಗ ಕೆಂಪಾಗಿ ಕಾಣುತ್ತದೆ. ಮುಂದೆ ಒಂದು ಗೆರೆಯಲ್ಲಿ ಅವೆಲ್ಲ ಸಿಕ್ಕಿಬಿದ್ದರೆ ಕೆಂಪು ಗೆರೆ ಮೂಡುತ್ತದೆ. ಕರೆಂಟ್ ಬೇಡ, ಯಂತ್ರ ಬೇಡ.

ತೊಂದರೆ ಇರುವುದು ಲೆಕ್ಕದಲ್ಲಿ. ಮನುಷ್ಯನಿಗೆ ಕಾಯಿಲೆ ಬರಲು ನೋರೋವೈರಸ್‌ನ ಹತ್ತರಿಂದ ನೂರು ಕಣ ಸಾಕು. ಗೆರೆ ಕಣ್ಣಿಗೆ ಕಾಣಬೇಕೆಂದರೆ ಲಕ್ಷಗಟ್ಟಲೆ ಬೇಕು. ಬ್ಯಾಕ್ಟೀರಿಯಾ ಆದರೆ ರಾತ್ರಿಯಿಡೀ ಬೆಳೆಸಿ ನೋಡಬಹುದು. ವೈರಸ್ ಆಹಾರದಲ್ಲಿ ಬೆಳೆಯುವುದೇ ಇಲ್ಲ, ಬಿದ್ದಷ್ಟೇ ಇರುತ್ತದೆ. ಊಟ ಹಳಸುವುದಿಲ್ಲ, ವಾಸನೆ ಬರುವುದಿಲ್ಲ. ಒಂದು ಬುಟ್ಟಿ ಮೆಂತ್ಯ ಸೊಪ್ಪಿನಲ್ಲಿ ಯಾವ ಎಲೆಗೆ ಅಂಟಿದೆ ಅಂತ ಹೇಗೆ ಹುಡುಕುತ್ತೀರಿ?

ಇನ್ನೊಂದು ತೊಡಕು ನಾನೇ ಕಣ್ಣಾರೆ ನೋಡಿದ್ದು. ನಮ್ಮ ಪ್ರಾಜೆಕ್ಟ್‌ನಲ್ಲಿ ಜೀವಂತ ವೈರಸ್ ಇರಲಿಲ್ಲ, ಅದರ ಹೊರ ಕವಚದ ಪ್ರೋಟೀನ್ ಮಾತ್ರ. ಶುದ್ಧ ನೀರಿಗೆ ಬೆರೆಸಿದಾಗ ಹದಿನೈದೇ ನಿಮಿಷಕ್ಕೆ ಚೆಂದದ ಗೆರೆ ಬಂತು. ಆಮೇಲೆ ಬೀಟ್‌ರೂಟ್ ಪಚಡಿಯ ನೀರಿಗೆ ಬೆರೆಸಿ ಹಾಕಿದೆವು. ಪಟ್ಟಿ ಪೂರ್ತಿ ಗುಲಾಬಿ ಆಯಿತು, ಗೆರೆ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಶೇಂಗಾ ಹಿಂಡಿ ಕಲಸಿದ್ದರಲ್ಲಿ ಎಣ್ಣೆಗೆ ಹನಿ ಅರ್ಧ ದಾರಿಯಲ್ಲೇ ನಿಂತಿತು. ಎರಡು ವಾರ ಬರೀ ಸೋಸುವುದರಲ್ಲೇ ಹೋಯಿತು.

ಹಾಗಂತ ಈ ದಾರಿ ಮುಚ್ಚಿಲ್ಲ. 2019ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಕಾಗದದ ಚಿಪ್ ಮತ್ತು ಮೊಬೈಲ್‌ಗೆ ಜೋಡಿಸಿದ ಸೂಕ್ಷ್ಮದರ್ಶಕದಿಂದ ನೀರಿನಲ್ಲಿ ಐದಾರು ನೋರೋವೈರಸ್ ಕಣಗಳನ್ನೂ ಹಿಡಿದು ತೋರಿಸಿದರು. ಆದರೆ ಅದು ನೀರು, ಪಲ್ಯ ಅಲ್ಲ. ನಮ್ಮ ದೇಶದಲ್ಲೇ 2020ರಲ್ಲಿ ಕೋವಿಡ್‌ಗೆ 'ಫೆಲೂದಾ' ಎಂಬ ಕಾಗದದ ಪಟ್ಟಿ ಬಂತು. ಆದರೆ ಪಟ್ಟಿಗೆ ಹಾಕುವ ಮೊದಲು ವೈರಸ್‌ನ ಆರ್‌ಎನ್‌ಎಯನ್ನು (ಅದರ ವಂಶವಾಹಿ ವಸ್ತುವನ್ನು) ಯಂತ್ರದಲ್ಲಿ ಹೆಚ್ಚಿಸಿಕೊಳ್ಳಬೇಕಿತ್ತು. ಸುಮಾರು 65 ಡಿಗ್ರಿ ಬಿಸಿಯಲ್ಲೇ ಆ ಕೆಲಸ ಮುಗಿಸುವ 'ಲ್ಯಾಂಪ್' ವಿಧಾನ ಪಟ್ಟಿಯ ಜೊತೆ ಚೆನ್ನಾಗಿ ಹೊಂದುತ್ತದೆ. ನನಗೆ ಜಾಸ್ತಿ ಭರವಸೆ ಇರುವುದು ಅದರ ಮೇಲೆ.

ಈಗಲೇ ಪಟ್ಟಿ ಕೆಲಸಕ್ಕೆ ಬರುವ ಜಾಗ ಬೇರೆ: ಕಾಯಿಲೆ ಬಿದ್ದವರ ಮಲ. ಅದರಲ್ಲಿ ಒಂದು ಗ್ರಾಂಗೆ ಕೋಟಿಗಟ್ಟಲೆ ವೈರಸ್ ಇರುತ್ತದೆ. ಆಗ ಗೆರೆ ಬಂದರೆ ಅದಕ್ಕೆ ಅರ್ಥವಿದೆ. ಬರದಿದ್ದರೆ ಮಾತ್ರ ವೈರಸ್ ಇಲ್ಲ ಅಂದುಕೊಳ್ಳಬೇಡಿ, ಲ್ಯಾಬ್‌ನಲ್ಲಿ ಆರ್‌ಎನ್‌ಎ ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ಕಥೆ ಇನ್ನೂ ಕಷ್ಟ. ಅದು 15ರಿಂದ 50 ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಆ ಊಟ ಎಲ್ಲಿರುತ್ತದೆ, ಅಲ್ವಾ?

ನಿಮ್ಮಲ್ಲಿ ಬಿಸಿ ರೊಟ್ಟಿ, ಕುದಿಯುವ ಬ್ಯಾಳಿಗಿಂತ ರೊಟ್ಟಿ ಜೊತೆ ಕೊಡುವ ಹಸಿ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ, ಪಚಡಿ ಮೇಲೆ ಕಣ್ಣಿಡಿ. ಅವುಗಳನ್ನು ಹೆಚ್ಚುವ ಕೈ ಯಾವುದು ನೋಡಿ. ಸ್ಯಾನಿಟೈಸರ್ ನೋರೋವೈರಸ್‌ಗೆ ಅಷ್ಟಾಗಿ ನಾಟುವುದಿಲ್ಲ, ಸೋಪು-ನೀರೇ ಬೇಕು. ಅಡುಗೆಯವರಿಗೆ ವಾಂತಿ-ಭೇದಿ ಆದರೆ ನಿಂತ ಮೇಲೂ ಎರಡು ದಿನ ರಜೆ ಕೊಡಿ, ಪಗಾರ ಹಿಡಿಯಬೇಡಿ. ಹಿಡಿದರೆ ಅವರು ಮುಂದಿನ ಸಲ ಮುಚ್ಚಿಡುತ್ತಾರೆ. ಯಾರಾದರೂ ಅಲ್ಲೇ ವಾಂತಿ ಮಾಡಿಕೊಂಡರೆ ಮೊದಲು ಕಾಗದದಿಂದ ಬಳಿದು ತೆಗೆಯಿರಿ. ಆಮೇಲೆ ಲೀಟರ್ ನೀರಿಗೆ ನಾಲ್ಕು ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್ ಕಲಸಿ ಆ ಜಾಗಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ.